ಮೇ ತಿಂಗಳ ರೂಪಿನ್ ಪಾಸ್: ಆಕಾಶ ಶುಭ್ರವಾಗಿದ್ದರೂ ಹಿಮಕುಸಿತದ ಭಯವೇಕೆ?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವಳು, ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಕೊಡಚಾದ್ರಿ, ಕುಮಾರ ಪರ್ವತ, ಕುದುರೆಮುಖಗಳನ್ನು ಹಲವು ಬಾರಿ ಹತ್ತಿ ಇಳಿದಿದ್ದೇನೆ. ಹಿಮದ ಮೇಲೆ ಮಾತ್ರ ಇದುವರೆಗೆ ಕಾಲಿಟ್ಟವಳಲ್ಲ. ಈ ಬೇಸಿಗೆ ರಜೆಯಲ್ಲಿ, ಮೇ ಮೂರನೆಯ ವಾರ, ಉತ್ತರಾಖಂಡದ ಧೌಲಾದಿಂದ ಹೊರಟು ರೂಪಿನ್ ಪಾಸ್ ದಾಟಿ ಹಿಮಾಚಲದ ಸಾಂಗ್ಲಾಕ್ಕೆ ಇಳಿಯುವ ಚಾರಣಕ್ಕೆ ಹೆಸರು ಕೊಟ್ಟಿದ್ದೇನೆ. ಪಾಸಿನ, ಅಂದರೆ ಬೆಟ್ಟಸಾಲನ್ನು ದಾಟುವ ದಾರಿಯ, ಎತ್ತರ 4,650 ಮೀಟರ್. ಕೊನೆಯ ಏರು ಹಿಮ ತುಂಬಿದ ಕಡಿದಾದ ಕೊರಕಲಿನಲ್ಲಿದೆಯೆಂದೂ, ಆ ದಿನ ಬೆಳಗಿನ ಜಾವ ಮೂರಕ್ಕೇ ಎಬ್ಬಿಸುತ್ತಾರೆಂದೂ ಅವರು ಕಳುಹಿಸಿದ ಮಾಹಿತಿಯಲ್ಲಿದೆ.

ನನ್ನ ಗೊಂದಲ ಇರುವುದು ಇಲ್ಲಿಯೇ. ಹಿಮಕುಸಿತದ ಬಗ್ಗೆ ವಿಚಾರಿಸಲು ಏರ್ಪಾಡು ಮಾಡುವವರಿಗೆ ಫೋನ್ ಮಾಡಿದಾಗ, "ಮೇ ತಿಂಗಳಲ್ಲಿ ಒಳ್ಳೆಯ ಬಿಸಿಲಿರುತ್ತದೆ ಮೇಡಂ, ಆಕಾಶ ಶುಭ್ರವಾಗಿದ್ದರೆ ಯಾವ ಭಯವೂ ಇಲ್ಲ" ಎಂದರು. ಬಿಸಿಲಿದ್ದರೆ ಭಯವಿಲ್ಲವೆಂದಾದರೆ ಕತ್ತಲಲ್ಲಿ, ಕೊರೆಯುವ ಚಳಿಯಲ್ಲಿ ಹತ್ತಿಸುವುದೇಕೆ, ಎಂಟಕ್ಕೆ ತಿಂಡಿ ಮುಗಿಸಿ ಹೊರಟರಾಗದೆ ಎಂದು ಕೇಳಿದ್ದಕ್ಕೆ, "ಅದು ಅಲ್ಲಿನ ಪದ್ಧತಿ" ಎಂಬ ಉತ್ತರ ಬಂತು. ಮಕ್ಕಳು ತರಗತಿಯಲ್ಲಿ ಪ್ರಶ್ನೆ ಕೇಳಿದಾಗ ನಾನು ಹೀಗೆ ಉತ್ತರಿಸಿದರೆ ಅವರು ನನ್ನನ್ನು ಬಿಡುವುದಿಲ್ಲ, ಹಾಗಾಗಿ ನಾನೂ ಬಿಡಲು ತಯಾರಿಲ್ಲ.

ಮನೆಯಲ್ಲಿ ಇನ್ನೊಂದು ಮಾತು ನಡೆಯುತ್ತಿದೆ. 2024ರ ಜೂನ್ ಮೊದಲ ವಾರ ಉತ್ತರಕಾಶಿಯ ಸಹಸ್ರತಾಲಕ್ಕೆ ಹೋಗಿದ್ದ ಮಾರ್ಗದರ್ಶಕರೂ ಸೇರಿ 22 ಮಂದಿಯಿದ್ದ ನಮ್ಮ ರಾಜ್ಯದ ತಂಡದಲ್ಲಿ ಒಂಬತ್ತು ಜನ ತೀರಿಕೊಂಡ ಸುದ್ದಿಯನ್ನು ನಮ್ಮತ್ತೆ ಇನ್ನೂ ಮರೆತಿಲ್ಲ. "ಜೂನ್‌ನಲ್ಲೇ ಹಾಗಾದರೆ ಮೇ ಎಂದರೇನು ಗತಿ" ಎಂದು ದಿನಕ್ಕೊಮ್ಮೆಯಾದರೂ ಕೇಳುತ್ತಾರೆ. ಅವರಿಗೆ ಸಮಾಧಾನವಾಗುವಂತೆ ಹೇಳಲು ನನಗೇ ತಿಳಿವಳಿಕೆಯಿಲ್ಲ. ವಸಂತದ ಹಿಮ ಹೇಗೆ ವರ್ತಿಸುತ್ತದೆ, ಅಪಾಯ ಯಾವ ಹೊತ್ತಿನಲ್ಲಿ ಹೆಚ್ಚು, ನನ್ನಂಥ ಹೊಸಬರು ಕಣ್ಣಿಂದ ನೋಡಿ ಗುರುತಿಸಬಹುದಾದ ಲಕ್ಷಣಗಳೇನು ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಹಿಮದ ಹೆಜ್ಜೆ

ನಿಮಗೆ ಉತ್ತರ ಕೊಟ್ಟವರು ಪದ್ಧತಿಯನ್ನು ನೆನಪಿಟ್ಟುಕೊಂಡು ಕಾರಣವನ್ನು ಮರೆತಿದ್ದಾರೆ. ಪದ್ಧತಿ ಸರಿಯಾಗಿದೆ, ಬಿಸಿಲಿನ ಬಗ್ಗೆ ಅವರು ಹೇಳಿದ ಮಾತು ಸರಿಯಿಲ್ಲ. ಹನ್ನೊಂದು ವರ್ಷಗಳಿಂದ ಉತ್ತರಾಖಂಡದ ಗಢವಾಲ, ಹಿಮಾಚಲದ ಕಿನ್ನೌರಗಳಲ್ಲಿ ತಂಡಗಳ ಜೊತೆ ನಡೆಯುತ್ತಿರುವುದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಮೊದಲು ಒಂದು ಪದದ ತೊಡಕನ್ನು ಬಿಡಿಸಿಕೊಳ್ಳೋಣ. ನಮ್ಮ ಪತ್ರಿಕೆಗಳು 'ಹಿಮಪಾತ' ಎಂಬ ಒಂದೇ ಪದವನ್ನು ಆಕಾಶದಿಂದ ಹಿಮ ಬೀಳುವುದಕ್ಕೂ, ಬಿದ್ದು ಕೂತ ಹಿಮ ಬೆಟ್ಟದಿಂದ ಜಾರಿ ಬರುವುದಕ್ಕೂ ಬಳಸುತ್ತವೆ. ಮೊದಲನೆಯದಕ್ಕೆ ಹಿಮಪಾತ, ಎರಡನೆಯದಕ್ಕೆ ಹಿಮಕುಸಿತ ಎಂದು ಬೇರೆಬೇರೆಯಾಗಿ ಹೇಳಿದರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ. ಸಹಸ್ರತಾಲದಲ್ಲಿ ಆದದ್ದು ಹಿಮಕುಸಿತವಲ್ಲ. ಎತ್ತರದಲ್ಲಿ ಹಿಮಗಾಳಿಗೆ ಸಿಕ್ಕಿ, ದಾರಿ ಕಾಣದೆ, ಚಳಿಗೆ ಸಂಭವಿಸಿದ ಸಾವುಗಳು ಅವು. ಅತ್ತೆಯವರ ಭಯ ನ್ಯಾಯವಾದದ್ದೇ, ಆದರೆ ಅದಕ್ಕೆ ಬೇಕಾದ ಎಚ್ಚರಿಕೆ ಬೇರೆ, ನೀವು ಕೇಳಿದ ಪ್ರಶ್ನೆಗೆ ಬೇಕಾದ ಎಚ್ಚರಿಕೆ ಬೇರೆ.

ನೀವು ಮಲೆನಾಡಿನವರಾದ್ದರಿಂದ ನಿಮಗೆ ಇದನ್ನು ವಿವರಿಸುವುದು ಸುಲಭ. ಮಳೆಗಾಲದಲ್ಲಿ ಮನೆಯ ಹಿಂದಿನ ಧರೆ ಕುಸಿಯುವುದನ್ನು ನೋಡಿರುತ್ತೀರಿ. ಮೊದಲ ಮಳೆಗೆ ಧರೆ ಜರಿಯುವುದಿಲ್ಲ. ನೀರು ಮಣ್ಣಿನೊಳಗೆ ಇಳಿದಿಳಿದು, ಕೆಳಗಿನ ಗಟ್ಟಿ ಪದರದ ಮೇಲೆ ನಿಂತು, ಮೇಲಿನ ಮಣ್ಣಿನ ಹಿಡಿತ ತಪ್ಪಿದಾಗ ಒಮ್ಮೆಲೇ ಬರುತ್ತದೆ. ವಸಂತದ ಹಿಮದಲ್ಲಿ ನಡೆಯುವುದೂ ಇದೇ, ಒಂದೇ ವ್ಯತ್ಯಾಸವೆಂದರೆ ನೀರು ಮೋಡದಿಂದ ಬರುವುದಿಲ್ಲ, ಬಿಸಿಲು ಹಿಮವನ್ನೇ ಕರಗಿಸಿ ನೀರನ್ನು ಒಳಗಿಳಿಸುತ್ತದೆ. ಅಲ್ಲಿ ಬಿಸಿಲೇ ಮಳೆ. ಚಳಿಗಾಲದಲ್ಲಿ ಪದರಪದರವಾಗಿ ಕೂತ ಹಿಮದ ಹರಳುಗಳನ್ನು ಒಂದಕ್ಕೊಂದು ಬೆಸೆದಿರುವುದು ಸಣ್ಣ ಸಣ್ಣ ಮಂಜುಗಡ್ಡೆಯ ಕೊಂಡಿಗಳು. ಹಿಮದ ಹೊದಿಕೆಯ ಉಷ್ಣತೆ ಮೇಲಿನಿಂದ ತಳದವರೆಗೆ ಸೊನ್ನೆ ಡಿಗ್ರಿಗೆ ಬಂದು, ನೀರು ಆ ಕೊಂಡಿಗಳನ್ನು ಬಿಡಿಸಿತೆಂದರೆ, ಉಳಿಯುವುದು ಒದ್ದೆ ಕಲ್ಲುಪ್ಪಿನ ರಾಶಿಯಂಥದ್ದು. ಕಡಿದಾದ ಇಳಿಜಾರಿನಲ್ಲಿ ಅದು ಕೂರುವುದಿಲ್ಲ.

ಇನ್ನು ಬೆಳಗಿನ ಜಾವದ ಲೆಕ್ಕಕ್ಕೆ ಬರುತ್ತೇನೆ. ರಾತ್ರಿ ಆಕಾಶ ನಿರ್ಮಲವಾಗಿದ್ದರೆ ಹಿಮದ ಮೇಲ್ಮೈ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಬಹಳ ಬೇಗ ತಣ್ಣಗಾಗುತ್ತದೆ. ಗಾಳಿಯ ಉಷ್ಣತೆ ಸೊನ್ನೆಗಿಂತ ಒಂದೆರಡು ಡಿಗ್ರಿ ಮೇಲಿದ್ದರೂ ಹಿಮದ ಮೇಲ್ಮೈ ಹೆಪ್ಪುಗಟ್ಟಬಲ್ಲದು. ಹಗಲಿನ ನೀರೆಲ್ಲ ಮತ್ತೆ ಮಂಜುಗಡ್ಡೆಯಾಗಿ, ಮೇಲೆ ಒಂದು ಗಟ್ಟಿ ಹೊಪ್ಪಳಿಕೆ ಕಟ್ಟುತ್ತದೆ. ಆ ಹೊಪ್ಪಳಿಕೆ ಇರುವವರೆಗೆ ಇಳಿಜಾರು ತಕ್ಕಮಟ್ಟಿಗೆ ಸುರಕ್ಷಿತ. ರಾತ್ರಿ ಮೋಡ ಕವಿದಿದ್ದರೆ ಕತೆಯೇ ಬೇರೆ: ಮೋಡ ಕಂಬಳಿಯಂತೆ ಶಾಖವನ್ನು ಹಿಡಿದಿಡುತ್ತದೆ, ಹಿಮ ಹೆಪ್ಪುಗಟ್ಟುವುದಿಲ್ಲ, ಮೂರು ಗಂಟೆಗೆ ಎದ್ದರೂ ಪ್ರಯೋಜನವಿಲ್ಲ. ಆದ್ದರಿಂದ ಹಗಲು ಹೇಗಿದೆ ಎನ್ನುವುದಕ್ಕಿಂತ ಹಿಂದಿನ ರಾತ್ರಿ ಹೇಗಿತ್ತು ಎಂಬ ಪ್ರಶ್ನೆಯೇ ಮುಖ್ಯ. ಬೆಚ್ಚಗಿನ ಮೋಡದ ರಾತ್ರಿಯ ನಂತರ ಬರುವ ಸೊಗಸಾದ ಬಿಸಿಲಿನ ಬೆಳಗನ್ನು ನಾನು ಯಾವತ್ತೂ ನಂಬುವುದಿಲ್ಲ.

ಬಿಸಿಲು ಎಲ್ಲ ಇಳಿಜಾರುಗಳನ್ನೂ ಒಟ್ಟಿಗೆ ಮುಟ್ಟುವುದಿಲ್ಲ ಎಂಬುದೂ ನೆನಪಿರಲಿ. ಪೂರ್ವಕ್ಕೆ ಮುಖ ಮಾಡಿದ ಇಳಿಜಾರು ಸೂರ್ಯ ಹುಟ್ಟಿದ ಗಂಟೆ ಎರಡು ಗಂಟೆಯೊಳಗೇ ಸಡಿಲವಾಗುತ್ತದೆ, ಅನಂತರ ದಕ್ಷಿಣದ್ದು, ಮಧ್ಯಾಹ್ನದ ಮೇಲೆ ಪಶ್ಚಿಮದ್ದು. ನೀವು ರೂಪಿನ್ ಕಡೆಯಿಂದ ಹತ್ತುವುದು ಸ್ಥೂಲವಾಗಿ ದಕ್ಷಿಣದ ಬಿಸಿಲಿಗೆ ತೆರೆದ ಬದಿ. ಸಾಂಗ್ಲಾ ಕಡೆಗೆ ಇಳಿಯುವುದು ಉತ್ತರದ ಬದಿ. ಉತ್ತರದ ಬದಿಯಲ್ಲಿ ಹಿಮ ಹೆಚ್ಚು ದಿನ ಉಳಿಯುತ್ತದೆ, ಚಳಿಗಾಲದ ದುರ್ಬಲ ಪದರಗಳೂ ಆಳದಲ್ಲಿ ಉಳಿದುಕೊಂಡಿರುತ್ತವೆ, ಕರಗಿದ ನೀರು ಮೊದಲ ಬಾರಿಗೆ ಆ ಪದರವನ್ನು ತಲುಪುವ ದಿನಗಳು ಅಲ್ಲಿ ಕೆಟ್ಟ ದಿನಗಳು.

ಇಳಿಜಾರಿನ ಕೋನವನ್ನು ಮೊಬೈಲಿನಲ್ಲಿಯೇ ಅಳೆಯಬಹುದು. ಕೈಗೋಲನ್ನು ಹಿಮದ ಮೇಲೆ ಇಳಿಜಾರಿನ ದಿಕ್ಕಿಗೆ ಮಲಗಿಸಿ, ಅದರ ಮೇಲೆ ಮೊಬೈಲನ್ನು ಇಟ್ಟು ಮಟ್ಟ ನೋಡುವ ಆ್ಯಪ್ ತೆರೆದರೆ ಡಿಗ್ರಿ ತಿಳಿಯುತ್ತದೆ. ಹೆಚ್ಚಿನ ಹಿಮಕುಸಿತಗಳು ಹೊರಡುವುದು 30ರಿಂದ 45 ಡಿಗ್ರಿಯ ಇಳಿಜಾರುಗಳಲ್ಲಿ. ನೀವು ನಿಂತ ಜಾಗ ಸಪಾಟಾಗಿದೆ ಎಂದು ನಿರಾಳವಾಗಬೇಡಿ, ತಲೆಯ ಮೇಲೆ ಏನಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಕೊರಕಲು ಎಂದರೆ ಆಲಿಕೆಯ ಹಾಗೆ: ಮೇಲೆ ಅಗಲವಾಗಿ ಸಡಿಲಗೊಂಡದ್ದೆಲ್ಲ ಕೆಳಗೆ ಒಂದೇ ಬಾಯಿಗೆ ಬರುತ್ತದೆ.

ಹೊಸಬರಿಗೆ ನಾನು ಹೇಳಿಕೊಡುವ ಪರೀಕ್ಷೆ ಬೂಟಿನದು. ನಿಂತಲ್ಲೇ ಹಿಮ್ಮಡಿಯನ್ನು ಬಲವಾಗಿ ಊರಿ. ಗುರುತೂ ಬೀಳದಿದ್ದರೆ ಹಿಮ ಚೆನ್ನಾಗಿ ಹೆಪ್ಪುಗಟ್ಟಿದೆ. ಬೂಟಿನ ಅಟ್ಟೆಯಷ್ಟು ಇಳಿದು ಹರಳುಹರಳಾಗಿ ಒಡೆದರೆ ನಡೆಯಲು ಅದಕ್ಕಿಂತ ಒಳ್ಳೆಯ ಹಿಮವಿಲ್ಲ. ಕಣಕಾಲು ಮುಳುಗತೊಡಗಿದರೆ ನಿಮ್ಮ ಸಮಯ ಮುಗಿಯುತ್ತ ಬಂದಿದೆ, ಮೊಣಕಾಲುದ್ದ ಹೂತುಹೋದರೆ ನೀವು ಆಗಲೇ ಅಲ್ಲಿರಬಾರದಿತ್ತು. ಬಂಡೆಗಳ ಬುಡದಿಂದ ಹಿಮದ ಉಂಡೆಗಳು ತಾವಾಗಿಯೇ ಉರುಳುತ್ತ, ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿಕೊಂಡು ಕೆಳಗೆ ಬರುವುದನ್ನು ಕಂಡರೂ ಅದೇ ಅರ್ಥ. ಕಾಲಿಟ್ಟಾಗ ಹಿಮದೊಳಗಿನಿಂದ 'ಧಪ್' ಎಂದು ಪೊಳ್ಳು ಸದ್ದು ಬಂದರೆ, ಇಲ್ಲವೇ ಬೂಟಿನಿಂದ ಬಿರುಕು ಓಡಿದರೆ, ಚರ್ಚೆ ಮಾಡದೆ ಬಂದ ಹೆಜ್ಜೆಯಲ್ಲೇ ಹಿಂದಿರುಗಬೇಕು.

ಒಂದು ವಿಷಯ ಉಳಿಯಿತು. ಮಾರ್ಚ್‌ನಿಂದ ಮೇವರೆಗೂ ಮೆಡಿಟರೇನಿಯನ್ ಕಡೆಯಿಂದ ಬರುವ ಪಶ್ಚಿಮದ ವಾಯುಕ್ಷೋಭೆಗಳು ಎತ್ತರದಲ್ಲಿ ಹೊಸ ಹಿಮ ಸುರಿಸುತ್ತವೆ. ಹಾಗೆ ಸುರಿದು ಆಕಾಶ ತಿಳಿಯಾದ ಮೊದಲ ಬಿಸಿಲಿನ ದಿನ, ಎಲ್ಲರೂ ಫೋಟೋ ತೆಗೆಯಲು ಹಾತೊರೆಯುವ ಆ ದಿನವೇ, ಅತ್ಯಂತ ಅಪಾಯದ ದಿನ. 2023ರ ಏಪ್ರಿಲ್ 4ರಂದು ಸಿಕ್ಕಿಂನ ನಾಥು ಲಾ ರಸ್ತೆಯಲ್ಲಿ, 15ನೇ ಮೈಲಿಯ ಬಳಿ, ಮಧ್ಯಾಹ್ನದ ಹೊತ್ತಿಗೆ ಹಿಮ ಕುಸಿದು ಏಳು ಪ್ರವಾಸಿಗರು ತೀರಿಕೊಂಡರು. ಅವರು ಪರ್ವತಾರೋಹಿಗಳೇನೂ ಅಲ್ಲ, ಹಿಮ ನೋಡಲು ಹೋದವರು. ಹೊಸ ಹಿಮ ಬಿದ್ದ ಮೇಲೆ ಕನಿಷ್ಠ ಒಂದೆರಡು ದಿನ ಕೊರಕಲಿಗೆ ಕಾಲಿಡದಿರುವ ತಂಡವನ್ನು ನೀವು ಧೈರ್ಯವಾಗಿ ನಂಬಬಹುದು.

ಧಾರವಾಡದ ಫೌಜಿ

ತಂಗೀ, ಹಿಂದಿನವರು ಶಾಸ್ತ್ರವನ್ನು ಚೆನ್ನಾಗಿ ಹೇಳಿದ್ದಾರೆ. ನಾನು ಸೇನೆಯಿಂದ ನಿವೃತ್ತನಾದವನು. ಲಡಾಖ್‌ನ ದ್ರಾಸ್ ಕಡೆ ಎರಡು ಚಳಿಗಾಲ ಕಳೆದಿದ್ದೇನೆ. ಅನುಭವದಿಂದ ನಾಲ್ಕು ಮಾತು ಸೇರಿಸುತ್ತೇನೆ.

ಏಪ್ರಿಲ್‌ನಲ್ಲಿ ಜೋಜಿಲಾದಂಥ ಕಡೆ ನಮ್ಮ ತುಕಡಿ ನಡೆಯುತ್ತಿದ್ದುದು ಯಾವಾಗಲೂ ರಾತ್ರಿ ಅಥವಾ ನಸುಕಿನಲ್ಲಿ. ಹಗಲು ಹತ್ತು ಗಂಟೆಯ ಮೇಲೆ ನಾಲೆಗಳನ್ನು, ಅಂದರೆ ಬೆಟ್ಟದಿಂದ ಇಳಿಯುವ ಹಳ್ಳದ ಕೊರಕಲುಗಳನ್ನು, ದಾಟಬಾರದೆಂದು ಕಟ್ಟಪ್ಪಣೆ ಇತ್ತು. ಮೊದಲ ವರ್ಷ ನನಗೂ ನಿಮ್ಮ ಹಾಗೆಯೇ ಅನಿಸಿತ್ತು, ಬಿಸಿಲು ಕಾಯಿಸಿಕೊಂಡು ಹೋದರೇನು ಎಂದು. ಒಂದು ದಿನ ನಾವು ಬೆಳಗ್ಗೆ ಆರಕ್ಕೆ ದಾಟಿದ್ದ ನಾಲೆಯೊಂದನ್ನು ಮಧ್ಯಾಹ್ನ ಎದುರಿನ ಚೌಕಿಯಿಂದ ನೋಡುತ್ತಿದ್ದೆವು. ಸಿನಿಮಾದಲ್ಲಿ ತೋರಿಸುವಂತೆ ಬಿಳಿ ಧೂಳೆಬ್ಬಿಸಿಕೊಂಡು ಬರಲಿಲ್ಲ. ಜೋಳದ ಹಿಟ್ಟಿನ ಅಂಬಲಿ ಪಾತ್ರೆಯಿಂದ ಸುರಿದಂತೆ, ಮಂದವಾಗಿ, ಕಲ್ಲು ಮಣ್ಣು ಪೊದೆಗಳನ್ನೆಲ್ಲ ಉರುಳಿಸಿಕೊಂಡು ಬಂತು. ಒಬ್ಬ ಮನುಷ್ಯ ಓಡಿ ತಪ್ಪಿಸಿಕೊಳ್ಳಬಹುದೇನೋ ಎನಿಸುವಷ್ಟು ನಿಧಾನ. ನಿಂತ ಮೇಲೆ ಹತ್ತಿರ ಹೋಗಿ ಸಲಿಕೆ ಹಾಕಿದರೆ ಸಲಿಕೆಯ ಬಾಯಿಯೇ ತಿರುಗಿತು. ಹೊಸದಾಗಿ ಬಿದ್ದ ಹಗುರವಾದ ಹಿಮ ಒಂದು ಘನ ಮೀಟರಿಗೆ 100 ಕೆ.ಜಿ.ಯ ಆಸುಪಾಸು ತೂಗಿದರೆ, ಒದ್ದೆ ಹಿಮ ಕುಸಿದು ಕೂತಾಗ 500 ಕೆ.ಜಿ. ದಾಟಬಹುದು. ಅದರೊಳಗೆ ಸಿಕ್ಕವನು ಕೈಬೆರಳನ್ನೂ ಅಲ್ಲಾಡಿಸಲಾರ. ಆದ್ದರಿಂದ ನಿಧಾನವಾಗಿ ಬರುವ ಹಿಮವನ್ನು ಕಡೆಗಣಿಸಬೇಡಿ.

ಅಪಾಯದ ಇಳಿಜಾರು ಅಡ್ಡಬಂದಾಗ ನಾವು ಒಬ್ಬರ ನಂತರ ಒಬ್ಬರಂತೆ ದಾಟುತ್ತಿದ್ದೆವು. ಒಬ್ಬ ಆ ಬದಿಯ ಬಂಡೆಯ ಮರೆಗೆ ಸೇರಿದ ಮೇಲೆಯೇ ಮುಂದಿನವನು ಹೊರಡುವುದು. ಉಳಿದವರೆಲ್ಲ ದಾಟುತ್ತಿರುವವನ ಮೇಲೆ ಕಣ್ಣಿಟ್ಟಿರುವುದು. ಬೆನ್ನುಚೀಲದ ಸೊಂಟಪಟ್ಟಿಯನ್ನು ಮೊದಲೇ ಬಿಚ್ಚಿಕೊಳ್ಳುತ್ತಿದ್ದೆವು, ಕೈಗೋಲಿನ ದಾರವನ್ನು ಮಣಿಕಟ್ಟಿನಿಂದ ತೆಗೆಯುತ್ತಿದ್ದೆವು. ಹಿಮದೊಳಗೆ ಅವು ಲಂಗರಿನಂತೆ ಕೆಳಗೆಳೆಯುತ್ತವೆ. ಸೊಂಟಕ್ಕೆ ಹತ್ತಾರು ಮೀಟರ್ ಉದ್ದದ ಕೆಂಪು ದಾರ ಕಟ್ಟಿಕೊಂಡು ಹಿಂದೆ ಎಳೆದುಕೊಂಡು ಹೋಗುವ ಹಳೆಯ ರೂಢಿಯೂ ಇತ್ತು. ಮನುಷ್ಯ ಹೂತುಹೋದರೂ ದಾರದ ತುದಿ ಮೇಲೆ ಉಳಿದು ದಾರಿ ತೋರಿಸಲಿ ಎಂಬ ಆಸೆ. ಪ್ರವಾಸಿ ತಂಡಗಳು ಈ ಯಾವುದನ್ನೂ ಮಾಡುವುದಿಲ್ಲ. ಇಪ್ಪತ್ತು ಜನ ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡು, ಕೊರಕಲಿನ ನಡುವೆ ನಿಂತು ನೀರು ಕುಡಿಯುವುದನ್ನು ನೋಡಿದಾಗ ನನಗೆ ಹೊಟ್ಟೆಯೊಳಗೆ ಸಂಕಟವಾಗುತ್ತದೆ.

ನಮ್ಮ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ನೆನಪು ಎಲ್ಲರಿಗೂ ಇದೆ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಸೋನಂ ಚೌಕಿಯ ಮೇಲೆ ಹಿಮ ಕುಸಿದು ಹತ್ತು ಸೈನಿಕರು ಹೂತುಹೋದರು. ಆರು ದಿನಗಳ ನಂತರ ಸುಮಾರು 25 ಅಡಿ ಆಳದಲ್ಲಿ ಅವರೊಬ್ಬರು ಜೀವಂತ ಸಿಕ್ಕರು, ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ಘಟನೆಯ ನಂತರ ನಮ್ಮ ಜನರಲ್ಲಿ ಒಂದು ತಪ್ಪು ತಿಳಿವಳಿಕೆ ಉಳಿದುಬಿಟ್ಟಿದೆ, ಹಿಮದಡಿಯಲ್ಲಿ ದಿನಗಟ್ಟಲೆ ಬದುಕಬಹುದೆಂದು. ಅವರು ಡೇರೆಯೊಳಗಿದ್ದರು, ಸುತ್ತ ಸ್ವಲ್ಪ ಗಾಳಿಗೆ ಎಡೆಯಿತ್ತು. ಬಯಲಲ್ಲಿ ನಡೆಯುವಾಗ ಸಿಕ್ಕಿಬಿದ್ದವರಿಗೆ ಇರುವುದು ನಿಮಿಷಗಳು ಮಾತ್ರ, ಹೊರಗಿನಿಂದ ಸಹಾಯ ಬರುವವರೆಗೆ ಕಾಯುವಷ್ಟು ಅಲ್ಲ. ಜೊತೆಗಿದ್ದವರೇ ತೆಗೆಯಬೇಕು.

ಝ್ಯೂರಿಕ್ ಕನ್ನಡಿಗ

ಫೌಜಿ ಸರ್ ಹೇಳಿದ ನಿಮಿಷಗಳ ಮಾತಿಗೆ ಅಂಕಿ ಸೇರಿಸುತ್ತೇನೆ. ಸ್ವಿಟ್ಜರ್ಲೆಂಡಿನ ಅಪಘಾತಗಳ ದಾಖಲೆಗಳಿಂದ ತಿಳಿದುಬಂದಂತೆ, ಪೂರ್ತಿ ಹೂತುಹೋದವರನ್ನು 15 ನಿಮಿಷದೊಳಗೆ ಹೊರತೆಗೆದರೆ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಬದುಕುತ್ತಾರೆ; 35 ನಿಮಿಷವಾದರೆ ಮೂವರು. ಹಾಗಾಗಿಯೇ ಇಲ್ಲಿ ಹಿಮದ ಮೇಲೆ ಹೋಗುವ ಪ್ರತಿಯೊಬ್ಬರೂ ಹೂತವರನ್ನು ರೇಡಿಯೋ ಸಂಕೇತದಿಂದ ಹುಡುಕಲು ನೆರವಾಗುವ 457 ಕಿಲೋಹರ್ಟ್ಸ್‌ನ ಪತ್ತೆಯಂತ್ರವನ್ನು ಎದೆಗೆ ಕಟ್ಟಿಕೊಂಡು, ಚೀಲದಲ್ಲಿ ಮಡಚುವ ಶೋಧಕೋಲು ಮತ್ತು ಸಲಿಕೆ ಇಟ್ಟುಕೊಳ್ಳುತ್ತಾರೆ. ಮೂರರಲ್ಲಿ ಒಂದಿಲ್ಲದಿದ್ದರೂ ಉಳಿದೆರಡು ಪೂರ್ತಿ ಕೆಲಸಕ್ಕೆ ಬರುವುದಿಲ್ಲ. ಎಲ್ಲಿದ್ದಾರೆಂದು ಗೊತ್ತಾದರೂ ಗಾರೆಯಂಥ ಹಿಮವನ್ನು ಬರಿಗೈಯಲ್ಲಿ ಅಗೆಯಲಾಗದು. ಭಾರತದ ಚಾರಣ ತಂಡಗಳಲ್ಲಿ ಇವನ್ನು ನಾನು ಕಂಡದ್ದು ತೀರಾ ಅಪರೂಪ. ತಂಡದವರ ಬಳಿ ಕನಿಷ್ಠ ಸಲಿಕೆಗಳಾದರೂ ಇವೆಯೇ ಎಂದು ಕೇಳಿ.

ದಾವೋಸ್‌ನಲ್ಲಿರುವ ಹಿಮ ಸಂಶೋಧನಾ ಸಂಸ್ಥೆ ಚಳಿಗಾಲದಲ್ಲಿ ದಿನಕ್ಕೆ ಎರಡು ಬಾರಿ, ಬೆಳಗ್ಗೆ ಎಂಟಕ್ಕೆ ಮತ್ತು ಸಂಜೆ ಐದಕ್ಕೆ, ಹಿಮಕುಸಿತದ ಮುನ್ಸೂಚನೆ ಹೊರಡಿಸುತ್ತದೆ. ಅಪಾಯವನ್ನು ಐದು ಹಂತಗಳಲ್ಲಿ ಹೇಳುತ್ತಾರೆ. ವಸಂತ ಬಂದಾಗ ಅದರಲ್ಲಿ ಒಂದು ವಿಶೇಷ ಕಾಣುತ್ತದೆ: ಒಣ ಹಿಮ, ಒದ್ದೆ ಹಿಮ ಎಂದು ಬೇರ್ಪಡಿಸಿ, ಒದ್ದೆ ಹಿಮದ ಅಪಾಯ ಹೊತ್ತೇರಿದಂತೆ ಹೆಚ್ಚುತ್ತದೆಂದು ಬರೆಯುತ್ತಾರೆ. ಬೆಳಗ್ಗೆ ಎರಡನೆಯ ಹಂತದಲ್ಲಿದ್ದ ಬೆಟ್ಟ ಮಧ್ಯಾಹ್ನ ಮೂರನೆಯ ಹಂತಕ್ಕೆ ಏರಬಹುದು. ಮೂರು ಎಂದರೆ ಐದರಲ್ಲಿ ನಡುವಿನದು, ಹಾಗಾಗಿ ಪರವಾಗಿಲ್ಲ ಎಂದು ಭಾವಿಸುವ ಹೊಸಬರು ಇಲ್ಲಿಯೂ ಇದ್ದಾರೆ. ಇಲ್ಲಿ ಅತಿ ಹೆಚ್ಚು ಜನ ಸಾಯುವುದು ಮೂರನೆಯ ಹಂತದ ದಿನಗಳಲ್ಲಿಯೇ, ಏಕೆಂದರೆ ನಾಲ್ಕು, ಐದರ ದಿನ ಹೆಚ್ಚಿನವರು ಮನೆಯಲ್ಲಿರುತ್ತಾರೆ.

ನಮ್ಮ ದೇಶದಲ್ಲಿ ಇಂಥ ವ್ಯವಸ್ಥೆಯೇ ಇಲ್ಲವೆಂದು ಭಾವಿಸಬಾರದು. ಮನಾಲಿಯಲ್ಲಿ 1969ರಲ್ಲಿ ಆರಂಭವಾದ ಹಿಮ ಅಧ್ಯಯನ ಸಂಸ್ಥೆ 2020ರಲ್ಲಿ ಇನ್ನೊಂದು ರಕ್ಷಣಾ ಪ್ರಯೋಗಾಲಯದೊಂದಿಗೆ ಸೇರಿ ಈಗ ಚಂಡೀಗಢದ ಡಿಜಿಆರ್‌ಇ (ರಕ್ಷಣಾ ಭೂಮಾಹಿತಿ ಸಂಶೋಧನಾ ಸಂಸ್ಥೆ) ಆಗಿದೆ. ಅದೂ ಕಾಶ್ಮೀರ, ಹಿಮಾಚಲ, ಉತ್ತರಾಖಂಡಗಳಿಗೆ ಐದು ಹಂತಗಳಲ್ಲೇ ಎಚ್ಚರಿಕೆ ಕೊಡುತ್ತದೆ. 2025ರ ಫೆಬ್ರುವರಿ 28ರ ಬೆಳಗ್ಗೆ ಬದರಿನಾಥದ ಸಮೀಪದ ಮಾಣಾದಲ್ಲಿ ರಸ್ತೆ ಕಾರ್ಮಿಕರ ಶಿಬಿರದ ಮೇಲೆ ಹಿಮ ಕುಸಿದು ಎಂಟು ಮಂದಿ ತೀರಿಕೊಂಡರು, 46 ಮಂದಿಯನ್ನು ಉಳಿಸಲಾಯಿತು. ಹಿಂದಿನ ಸಂಜೆಯೇ ಚಮೋಲಿ ಜಿಲ್ಲೆಗೆ ಎಚ್ಚರಿಕೆ ಹೊರಟಿತ್ತು. ಮುನ್ಸೂಚನೆ ಇತ್ತು, ಅದು ಶಿಬಿರದ ಬಾಗಿಲು ತಟ್ಟಲಿಲ್ಲ. ನೀವು ಆ ಎಚ್ಚರಿಕೆಗಳನ್ನು ನೋಡಿ; ಆದರೆ ಅವು ಇಡೀ ಜಿಲ್ಲೆಗೆ ಕೊಡುವಂಥವು, ನಿಮ್ಮ ಕೊರಕಲಿನ ಬಗ್ಗೆ ಹೇಳುವಂಥವಲ್ಲ ಎಂಬುದು ತಿಳಿದಿರಲಿ.

ಒಂದು ಸಣ್ಣ ಸಂಗತಿ. ಸಹಾರಾದ ಧೂಳು ಬಂದು ಆಲ್ಪ್ಸ್ ಹಿಮದ ಮೇಲೆ ಕೂತ ವರ್ಷಗಳಲ್ಲಿ ಹಿಮ ಕಂದುಬಣ್ಣಕ್ಕೆ ತಿರುಗಿ ಬೇಗ ಕರಗುತ್ತದೆ. ಹೊಸ ಹಿಮ ಬಿಸಿಲಿನ ನೂರರಲ್ಲಿ 80ರಿಂದ 90 ಪಾಲನ್ನು ಹಿಂದಕ್ಕೆ ಎಸೆದರೆ, ಹಳೆಯ ಒದ್ದೆ ಹಿಮ ಅದಕ್ಕಿಂತ ಬಹಳ ಕಡಿಮೆ. ಹಿಮ ಮಾಸಲಾಗಿ ಕಂಡಲ್ಲಿ ಗಡಿಯಾರವನ್ನು ಸ್ವಲ್ಪ ಮುಂದಿಟ್ಟುಕೊಳ್ಳಿ.

ತುಂಗಾತೀರ

ಮೂವರಿಗೂ ಕೃತಜ್ಞತೆಗಳು. ಧರೆಯ ಹೋಲಿಕೆಯನ್ನು ಅತ್ತೆಗೆ ಹೇಳಿದಾಗ ಅವರಿಗೆ ತಕ್ಷಣ ಅರ್ಥವಾಯಿತು. "ಹಾಗಾದರೆ ಸೋನೆ ಹಿಡಿದ ಮೇಲೆ ಧರೆಯ ಕೆಳಗೆ ಕೂರಬಾರದೆಂದು ನಾವು ಹೇಳುವಂತೆ, ಬಿಸಿಲೇರಿದ ಮೇಲೆ ಅಲ್ಲಿ ನಿಲ್ಲಬಾರದು" ಎಂದರು. ನಾನು ಅದನ್ನು ಇನ್ನಷ್ಟು ಚೆನ್ನಾಗಿ ಹೇಳಲಾರೆ.

ಏರ್ಪಾಡು ಮಾಡುವವರಿಗೆ ಮತ್ತೆ ಫೋನ್ ಮಾಡಿ, ಈ ಬಾರಿ ಅವರ ಹಿರಿಯ ಮಾರ್ಗದರ್ಶಕರೊಂದಿಗೇ ಮಾತನಾಡಿದೆ. ಒಂಬತ್ತರೊಳಗೆ ಕೊರಕಲಿನ ತುದಿ ತಲುಪದಿದ್ದರೆ ತಂಡ ಹಿಂದಿರುಗುತ್ತದೆ ಎಂದು ಅವರು ಸ್ಪಷ್ಟವಾಗಿ ಹೇಳಿದರು. ಸಲಿಕೆಗಳು ಎರಡಿವೆಯಂತೆ, ಪತ್ತೆಯಂತ್ರಗಳಿಲ್ಲ. ಹೊಸ ಹಿಮ ಬಿದ್ದರೆ ಕಾಯಲು ಹೆಚ್ಚುವರಿ ದಿನವಿದೆಯೇ ಎಂಬ ಪ್ರಶ್ನೆಗೆ ಮಾತ್ರ ಕಾರ್ಯಕ್ರಮದಲ್ಲಿ ಅದಕ್ಕೆ ಅವಕಾಶವಿಲ್ಲವೆಂದರು. ಈ ಕೊನೆಯ ಉತ್ತರ ನನ್ನನ್ನು ಕಾಡುತ್ತಿದೆ. ಇನ್ನೊಂದು ಸಂದೇಹ: ಅವರು ಮಾತಿನ ನಡುವೆ "ದಾರಿಯಲ್ಲಿ ನಾಲ್ಕೈದು ಗ್ಲೇಸಿಯರ್ ದಾಟಬೇಕು" ಎಂದರು. ನಕ್ಷೆಯಲ್ಲಿ ಅಂಥ ಹಿಮನದಿಗಳು ನನಗೆ ಕಾಣಿಸುತ್ತಿಲ್ಲ.

ಹಿಮದ ಹೆಜ್ಜೆ

ನಕ್ಷೆಯಲ್ಲಿ ಕಾಣಿಸುವುದಿಲ್ಲ, ಏಕೆಂದರೆ ಅವು ಹಿಮನದಿಗಳಲ್ಲ. ಗಢವಾಲ ಕಡೆಯ ಜನ, ಚಳಿಗಾಲದಲ್ಲಿ ಕುಸಿದು ನಾಲೆಯಲ್ಲಿ ತುಂಬಿಕೊಂಡ ಹಳೆಯ ಹಿಮದ ರಾಶಿಗೂ 'ಗ್ಲೇಸಿಯರ್' ಎನ್ನುತ್ತಾರೆ. ಹೇಮಕುಂಡದ ದಾರಿಯ ಅಟಲಾಕೋಟಿಯಲ್ಲಿ ಯಾತ್ರಿಕರು ದಾಟುವುದೂ ಇಂಥದ್ದನ್ನೇ. 2023ರ ಜೂನ್ 4ರಂದು ಅಲ್ಲಿ ಮೇಲಿನಿಂದ ಹಿಮ ಜಾರಿ ಯಾತ್ರಿಕ ಮಹಿಳೆಯೊಬ್ಬರು ತೀರಿಕೊಂಡರು. ಒಂದು ರೀತಿಯಲ್ಲಿ ಆ ರಾಶಿಗಳು ನಿಮಗೆ ಉಪಕಾರಿ: ಎಲ್ಲಿ ಹಳೆಯ ಕುಸಿತದ ರಾಶಿ ಇದೆಯೋ ಅಲ್ಲಿ ಮೇಲಿನಿಂದ ಹಿಮ ಬರುವ ದಾರಿಯಿದೆ ಎಂದರ್ಥ. ಅಲ್ಲಿ ನಿಲ್ಲದೆ ದಾಟಬೇಕು.

ಇನ್ನೊಂದು ಅಪಾಯ ಅದರ ಕೆಳಗಿದೆ. ಮೇ ಕೊನೆಯ ಹೊತ್ತಿಗೆ ಆ ಹಿಮದಡಿಯಲ್ಲಿ ಹಳ್ಳ ಹರಿಯುತ್ತಿರುತ್ತದೆ, ಒಳಗೆ ಗುಹೆಯಾಗಿರುತ್ತದೆ, ಮೇಲೆ ಉಳಿಯುವುದು ಸೇತುವೆ ಮಾತ್ರ. ಹಳ್ಳದ ನಡುಭಾಗದಲ್ಲಿ, ಬಂಡೆಗಳ ಅಂಚಿನಲ್ಲಿ ಸೇತುವೆ ತೆಳ್ಳಗಿರುತ್ತದೆ. ಹಿಮ ತುಸು ತಗ್ಗಿದಂತೆ, ನೆರಳು ಬಿದ್ದಂತೆ ಬೂದುಬಣ್ಣಕ್ಕೆ ತಿರುಗಿರುವಲ್ಲಿ ಕಾಲಿಡಬೇಡಿ. ಕೆಳಗೆ ನೀರಿನ ಸದ್ದು ಕೇಳಿದರೆ ಮಾರ್ಗದರ್ಶಕರು ಕೋಲಿನಿಂದ ಚುಚ್ಚಿ ನೋಡುವವರೆಗೆ ಕಾಯಿರಿ. ಏಳು ವರ್ಷಗಳ ಹಿಂದೆ ನನ್ನ ತಂಡದವರೊಬ್ಬರು ಮಧ್ಯಾಹ್ನ ಮೂರಕ್ಕೆ ಇಂಥ ಸೇತುವೆಯಲ್ಲಿ ಸೊಂಟದವರೆಗೆ ಇಳಿದುಹೋದರು. ಚೀಲ ಅಡ್ಡ ಸಿಕ್ಕಿಕೊಂಡು ನಿಂತರು. ಕೆಳಗೆ ಕಾಲುಗಳು ಗಾಳಿಯಲ್ಲಿ ಆಡುತ್ತಿದ್ದವೆಂದು ಅವರು ಆಮೇಲೆ ಹೇಳಿದ್ದು ನನಗೆ ಇವತ್ತಿಗೂ ನಿದ್ದೆ ಕೆಡಿಸುತ್ತದೆ. ಅದೇ ಸೇತುವೆಯನ್ನು ನಾವು ಬೆಳಗ್ಗೆ ದಾಟಿದ್ದೆವು, ಯಾರಿಗೂ ಏನೂ ಆಗಿರಲಿಲ್ಲ. ಒಬ್ಬರು ಅಸ್ವಸ್ಥರಾದ ಕಾರಣ ಹಿಂದಿರುಗುವಾಗ ಆದದ್ದು ಅದು. ಆ ಹೊತ್ತಿನಲ್ಲಿ ದಾಟಿಸುವ ತೀರ್ಮಾನ ನನ್ನದೇ ಆಗಿತ್ತು.

ಬೆಳಗಿನ ಜಾವದ ಹೊಗಳಿಕೆಯಲ್ಲಿ ನಾನು ಹೇಳಲು ಮರೆತದ್ದೊಂದಿದೆ. ಚೆನ್ನಾಗಿ ಹೆಪ್ಪುಗಟ್ಟಿದ ಹಿಮ ಸುಲಭಕ್ಕೆ ಕುಸಿಯುವುದಿಲ್ಲ, ಆದರೆ ಅದರ ಮೇಲೆ ಮನುಷ್ಯ ಜಾರುತ್ತಾನೆ. ನಸುಕಿನಲ್ಲಿ ಕೊರಕಲಿನ ಮೈ ಪಿಂಗಾಣಿಯಂತಿರುತ್ತದೆ. ಬೂಟಿಗೆ ಮೈಕ್ರೋಸ್ಪೈಕ್ (ಜಾರದಂತೆ ತೊಡುವ ಸಣ್ಣ ಲೋಹದ ಮೊಳೆಗಳ ಸರಪಳಿ) ಕಟ್ಟದೆ ಹೊರಡಬೇಡಿ, ಮುಂದಿನವರು ಕಡಿದ ಮೆಟ್ಟಿಲಲ್ಲೇ ಹೆಜ್ಜೆಯಿಡಿ, ಜಾರಿದರೆ ಹೊಟ್ಟೆಯಡಿಯಾಗಿ ತಿರುಗಿ ತಡೆದುಕೊಳ್ಳುವುದನ್ನು ಹಿಂದಿನ ದಿನವೇ ಸಣ್ಣ ಇಳಿಜಾರಿನಲ್ಲಿ ಹತ್ತು ಬಾರಿ ಅಭ್ಯಾಸ ಮಾಡಿಸಲು ಕೇಳಿ. ಅತಿ ಗಟ್ಟಿ ಮತ್ತು ಅತಿ ಮೆತ್ತಗಿನ ನಡುವೆ ಎರಡು ಮೂರು ಗಂಟೆಗಳ ಕಾಲ ಸಿಗುವುದೇ ಒಳ್ಳೆಯ ಹಿಮ, ಅದನ್ನು ಹಿಡಿಯುವುದಕ್ಕಾಗಿ ಇಷ್ಟೆಲ್ಲ ಪಾಡು.

ಹೆಚ್ಚುವರಿ ದಿನವಿಲ್ಲ ಎಂಬುದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ದಿನವಿಲ್ಲದ ತಂಡ ಕೆಟ್ಟ ಬೆಳಗ್ಗೆಯೂ ಹತ್ತಲೇಬೇಕಾಗುತ್ತದೆ, ಇಲ್ಲವೇ ಮೇಲಿನ ಜಲಪಾತದ ಶಿಬಿರದಿಂದ ಹಿಂದಿರುಗಬೇಕಾಗುತ್ತದೆ. ಹಿಂದಿರುಗಲು ಅವರು ನಿಜವಾಗಿಯೂ ಸಿದ್ಧರಿದ್ದಾರೆಯೇ, ಕಳೆದ ವರ್ಷ ಎಷ್ಟು ತಂಡಗಳನ್ನು ಪಾಸ್ ದಾಟಿಸದೆ ಕರೆತಂದರು ಎಂದು ಕೇಳಿ. ಒಂದೂ ಇಲ್ಲ ಎಂದು ಹೆಮ್ಮೆಯಿಂದ ಹೇಳಿದರೆ ಹಣ ಹೋದರೂ ಹೋಗಲಿ, ಜೂನ್ ಎರಡನೆಯ ವಾರದ ಬೇರೆ ತಂಡ ನೋಡಿಕೊಳ್ಳಿ. ಶಾಲೆ ಆರಂಭವಾಗಿರುತ್ತದೆ, ರಜೆ ಸಿಗುವುದು ಕಷ್ಟ ಎಂಬುದು ನನಗೆ ಗೊತ್ತು.

ತುಂಗಾತೀರ

ಕೇಳಿದೆ. ಕಳೆದ ವರ್ಷ ಮೇ ತಿಂಗಳಲ್ಲಿ ಎರಡು ತಂಡಗಳನ್ನು ಹಿಂದಕ್ಕೆ ಕರೆತಂದರಂತೆ, ಅದಕ್ಕಾಗಿ ಕೆಲವರಿಂದ ಬೈಸಿಕೊಂಡರಂತೆ. ಹೇಳುವಾಗ ಅವರ ದನಿಯಲ್ಲಿ ಸಂಕೋಚವಿತ್ತು. ನನಗೆ ಅದೇ ಧೈರ್ಯ ತಂದಿತು. ತಂಡದ ಉಳಿದ ಐವರೊಂದಿಗೆ ಮಾತನಾಡಿ, ಒಂದು ಹೆಚ್ಚುವರಿ ದಿನದ ಊಟ ವಸತಿಯ ಖರ್ಚನ್ನು ನಾವೇ ಹಂಚಿಕೊಳ್ಳುವುದಾಗಿ ಬರೆದು ಕಳುಹಿಸಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.

ಧಾರವಾಡದ ಫೌಜಿ

ಒಳ್ಳೆಯದಾಯಿತು ತಂಗೀ. ಮೂರಕ್ಕೆ ಎಬ್ಬಿಸಿದಾಗ ಚಹಾಕ್ಕೆ ಮೊದಲು ಡೇರೆಯ ಹೊರಗೆ ಬಂದು ನಕ್ಷತ್ರ ಕಾಣುತ್ತವೆಯೇ ನೋಡಿ, ಹಿಮ್ಮಡಿ ಊರಿ ನೋಡಿ. ತಲೆಗೆ ಕಟ್ಟುವ ಬ್ಯಾಟರಿ ದೀಪದ ಸೆಲ್‌ಗಳನ್ನು ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ, ಮೈಗೆ ತಾಗಿಸಿ ಇಟ್ಟುಕೊಳ್ಳಿ. ಹೊರಗಿಟ್ಟರೆ ಚಳಿಗೆ ಸತ್ತುಹೋಗುತ್ತವೆ, ಕೊರಕಲಿನ ಬುಡದಲ್ಲಿ ಕತ್ತಲಾಗುತ್ತದೆ.